ಸುಣ್ಣ ಸೋಕದ ರೊಟ್ಟಿ

ಬಿರಿಯಾನಿ ಬಿಟ್ಟು ಬೇರೇನಾದರೂ ತಿನ್ನೋಣ ಎಂದು ಹೊರಟ ಹೈದರಾಬಾದಿಗೆ ಮೆಕ್ಸಿಕೋ ಈಗ ದೂರದ ದೇಶವಲ್ಲ. ಹೈಟೆಕ್ ಸಿಟಿಯ ಆಫೀಸು ಕಟ್ಟಡಗಳ ಬುಡದಲ್ಲಿ ಮಧ್ಯಾಹ್ನವಾದರೆ ಬರೀಟೊ ಬೋಲ್‌ಗೆ ಸಾಲು ನಿಲ್ಲುತ್ತದೆ. ಈ ಸಾಲಿಗೆ ನಮ್ಮ ಕಡೆಯ ನಂಟೂ ಇದೆ. ಕ್ಯಾಲಿಫೋರ್ನಿಯಾ ಬರೀಟೊ ಎಂಬ ಅಂಗಡಿ ಸರಣಿಯನ್ನು ಬರ್ಟ್ ಮುಲ್ಲರ್ ಎಂಬ ಅಮೆರಿಕದ ತರುಣ ಶುರುಮಾಡಿದ್ದು 2012ರಲ್ಲಿ ಬೆಂಗಳೂರಿನಲ್ಲಿ. ಹೈದರಾಬಾದಿಗೆ ಅದು ಬಂದದ್ದು ಆಮೇಲೆ. ಟ್ಯಾಕೊ ಬೆಲ್ ಭಾರತದಲ್ಲಿ ಮೊದಲ ಬಾಗಿಲು ತೆರೆದದ್ದೂ ಬೆಂಗಳೂರಿನಲ್ಲೇ, 2010ರಲ್ಲಿ, ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. ಅನ್ನ, ಕಾಳು, ಪನೀರು, ಚೂರು ಖಾರ. ಹೊಟ್ಟೆ ತುಂಬುತ್ತದೆ, ತಕರಾರಿಲ್ಲ.

ಜುಬಿಲಿ ಹಿಲ್ಸ್ ಏರಿದರೆ ಲೆಕ್ಕ ಬೇರೆ. ಅಲ್ಲಿ ದೀಪ ಮಂಕಾಗುತ್ತದೆ, ತಟ್ಟೆ ಮಣ್ಣಿನದ್ದಾಗುತ್ತದೆ, ಮೆನು ಕಾರ್ಡಿನಲ್ಲಿ ಎರಡು ಮಾತು ಹೊಸದಾಗಿ ಸೇರಿಕೊಳ್ಳುತ್ತವೆ. ಒಂದು, ಇದು ಮೆಕ್ಸಿಕೋದ ಅಡುಗೆಯಲ್ಲ, ಅದರ ಸ್ಫೂರ್ತಿ. ಇನ್ನೊಂದು, ಸಾಮಗ್ರಿಯೆಲ್ಲ ಲೋಕಲ್. ಸ್ಫೂರ್ತಿ ಎಂದು ಬರೆದುಬಿಟ್ಟರೆ ತಪ್ಪು ಹುಡುಕುವವರ ಬಾಯಿ ಅಲ್ಲಿಗೇ ಮುಚ್ಚಿತು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ 'ಲೋಕಲ್' ಎನ್ನುವುದನ್ನು ಒರೆಗೆ ಹಚ್ಚಬಹುದು. ಅಂಥದ್ದೊಂದು ಜಾಗದಲ್ಲಿ ಕಲಬುರಗಿ ಕಡೆಯ ಗೆಳೆಯನೊಬ್ಬನ ಜೊತೆ ಊಟಕ್ಕೆ ಕೂತಾಗ ತಟ್ಟೆಗೆ ಬಂದದ್ದನ್ನೆಲ್ಲ ಒಂದೊಂದಾಗಿ ಆ ಕಣ್ಣಿನಿಂದಲೇ ನೋಡತೊಡಗಿದೆ.

ಮೊದಲು ಬಂದದ್ದು ಗ್ವಾಕಮೋಲೆ. ಬೆಣ್ಣೆಹಣ್ಣನ್ನು ಹಸಿಮೆಣಸು, ಈರುಳ್ಳಿ, ಕೊತ್ತಂಬರಿ, ನಿಂಬೆಹುಳಿ ಹಾಕಿ ಹಿಸುಕಿದ್ದು. ಹಣ್ಣು ಕೊಡಗಿನದಂತೆ. ಇದ್ದರೂ ಇರಬಹುದು, ಮಳೆಗಾಲದ ದಿನ. ಕೊಡಗು, ಚಿಕ್ಕಮಗಳೂರು, ನೀಲಗಿರಿಯ ಕಾಫಿ ತೋಟಗಳಲ್ಲಿ ಬೆಣ್ಣೆಹಣ್ಣಿನ ಮರ ಎಷ್ಟೋ ಕಾಲದಿಂದ ಇದೆ. ಬೆಂಗಳೂರಿನ ಜ್ಯೂಸ್ ಅಂಗಡಿಗಳು ಅದಕ್ಕೆ ಹಾಲು, ಸಕ್ಕರೆ ಹಾಕಿ ಕುಡಿಸಿದ್ದು ಬಿಟ್ಟರೆ ಅದಕ್ಕೆ ಹೆಚ್ಚಿನ ಮರ್ಯಾದೆ ಸಿಕ್ಕಿರಲಿಲ್ಲ. ಈಗ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ 'ಅರ್ಕಾ ಸುಪ್ರೀಂ' ಎಂಬ ತಳಿಯನ್ನೇ ಹೊರತಂದಿದೆ. ಪೇಟೆಯಲ್ಲಿ ಹೆಸರು ಮಾಡಿರುವ ಹಾಸ್ ತಳಿ ಕ್ಯಾಲಿಫೋರ್ನಿಯಾದ ರುಡಾಲ್ಫ್ ಹಾಸ್ ಎಂಬವರ ಹಿತ್ತಿಲಿನದು. 1935ರಲ್ಲಿ ಪೇಟೆಂಟ್ ಪಡೆದದ್ದು. ಹಾಸ್‌ನಲ್ಲಿ ಜಿಡ್ಡು ಹೆಚ್ಚು, ಗ್ವಾಕಮೋಲೆ ಗಟ್ಟಿಯಾಗಿ ಕೂರುತ್ತದೆ. ನಮ್ಮ ಹಣ್ಣು ದೊಡ್ಡದು, ನೀರು ಜಾಸ್ತಿ, ಹಿಸುಕಿದರೆ ಸಡಿಲ. ನನಗೆ ಆ ಸಡಿಲವೇ ಇಷ್ಟವಾಯಿತು. ಮೊಸರುಬಜ್ಜಿ ತಿಂದು ಬೆಳೆದ ನಾಲಗೆಗೆ ಅದು ಹೊಸದೂ ಅಲ್ಲ.

ಆಮೇಲೆ ಸಾಲ್ಸಾ, ಎರಡು ಬಗೆ. ಕೆಂಪು ಸಾಲ್ಸಾಕ್ಕೆ ಮೆಕ್ಸಿಕೋದಲ್ಲಿ ಆಂಚೊ, ಗ್ವಾಹೀಯೊ ಮೊದಲಾದ ಒಣಮೆಣಸನ್ನು ಹುರಿದು, ನೆನೆಸಿ ಅರೆಯುತ್ತಾರೆ. ಖಾರಕ್ಕಿಂತ ಬಣ್ಣ, ಕಂಪು ಮುಖ್ಯ. ಗುಂಟೂರು ಮೆಣಸು ಹಾಕಿದರೆ ಉಳಿದ ರುಚಿಯೆಲ್ಲ ಸುಟ್ಟುಹೋಗುತ್ತದೆ. ಈ ಅಡುಗೆಯವರು ಜಾಣರು, ವರಂಗಲ್ಲಿನ ಚಪಾಟಾ ಮೆಣಸು ಬಳಸಿದ್ದರು. ಗಿಡ್ಡಗೆ, ದಪ್ಪಗೆ, ಟೊಮ್ಯಾಟೊ ಹಣ್ಣಿನಂತೆ ಉಬ್ಬಿದ ಕಾಯಿ. ತೆಲಂಗಾಣದವರು ಟಮಾಟಾ ಮಿರ್ಚಿ ಎಂದೂ ಕರೆಯುತ್ತಾರೆ. ಕಡುಗೆಂಪು, ಖಾರ ಕಡಿಮೆ. 2025ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೆ ಮೊದಲೇ, 2011ರಲ್ಲಿ, ಆ ಗುರುತು ಪಡೆದ ನಮ್ಮ ಬ್ಯಾಡಗಿಯೂ ಇದೇ ಜಾತಿಯ ಗುಣದ್ದು. ಬ್ಯಾಡಗಿ ಪೇಟೆಯಲ್ಲಿ ರಾಶಿ ಹಾಕಿದ ಮೆಣಸಿನ ನೆರಿಗೆ ಮೈ ನೋಡಿದವರಿಗೆ ಮೆಕ್ಸಿಕೋದ ಒಣಮೆಣಸಿನ ಚೀಲ ಅಪರಿಚಿತ ಅನ್ನಿಸಲಾರದು. ಹೊಗೆಯಲ್ಲಿ ಒಣಗಿಸಿದ ಚಿಪೋಟ್ಲೆಗೆ ಸಾಟಿಯಾದದ್ದನ್ನು ಮಾತ್ರ ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಬಾಳಕದ ಮೆಣಸನ್ನು ಕೆಂಡದ ಹೊಗೆಗೆ ಹಿಡಿದರೆ ಏನಾದೀತು ಎಂದು ಯಾರಾದರೂ ನೋಡಬೇಕು.

ಹಸಿರು ಸಾಲ್ಸಾಕ್ಕೆ ಬೇಕಾದ ಟೊಮ್ಯಾಟೀಯೊ ಕಾಯಿ ಇಲ್ಲಿನ ಸಂತೆಯಲ್ಲಿ ಸಿಗದು. ಅದರ ಬದಲು ಟೊಮ್ಯಾಟೊ ಕಾಯಿಯನ್ನೇ ಸುಟ್ಟು ಅರೆದಿದ್ದರು. "ಇದು ನಮ್ಮವ್ವನ ಕಾಯಿ ಟೊಮ್ಯಾಟಿ ಚಟ್ನಿ ಅಲ್ಲೇನೋ?" ಅಂದ ಗೆಳೆಯ. ಹೌದು, ಶೇಂಗಾ ಪುಡಿಯೊಂದು ಕಡಿಮೆ.

ಅವನ ಮಾತು ತಮಾಷೆಯದಾದರೂ ತೂಕದ್ದು. ಟೊಮ್ಯಾಟೊ, ಮೆಣಸು, ಶೇಂಗಾ ಮೂರೂ ಕೊಲಂಬಸ್ಸಿನ ನಂತರ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಪಪ್ಪಾಯಿ, ಸೀಬೆ, ಸಪೋಟ ಅದೇ ದಾರಿಯವು. ಹೈದರಾಬಾದಿಗರು ಮಳೆ ಮುಗಿಯುವ ಹೊತ್ತಿಗೆ ಮೊಅಜ್ಜಂ ಜಾಹಿ ಮಾರ್ಕೆಟ್ಟಿನಲ್ಲಿ ಮುಗಿಬಿದ್ದು ತಿನ್ನುವ ಸೀತಾಫಲದ ಐಸ್‌ಕ್ರೀಮನ್ನೂ ಈ ಸಾಲಿಗೇ ಸೇರಿಸಬೇಕು. ಮಹಬೂಬ್‌ನಗರ ಸೀಮೆಯ ಬಾಲಾನಗರ ತಳಿಯ ಮೂಲ ಊರೂ ಆಚೆ ದಂಡೆಯೇ. ಹಾಗೆ ನೋಡಿದರೆ ಹೈದರಾಬಾದಿನ ಅತ್ಯಂತ ಮೆಕ್ಸಿಕನ್ ತಿನಿಸು ಜುಬಿಲಿ ಹಿಲ್ಸ್‌ನಲ್ಲಿಲ್ಲ. ಬಿರಿಯಾನಿಯ ಪಕ್ಕದಲ್ಲಿ ಬಿಟ್ಟಿಯಾಗಿ ಬಡಿಸುವ ಮಿರ್ಚಿ ಕಾ ಸಾಲನ್‌ನಲ್ಲಿದೆ. ಮೆಣಸನ್ನೇ ತರಕಾರಿ ಮಾಡಿ, ಶೇಂಗಾ, ಎಳ್ಳು ಹುರಿದು ಅರೆದು, ಎಣ್ಣೆ ಬಿಡುವವರೆಗೆ ಕುದಿಸಿದ ಗಸಿ ಅದು. ಪ್ವೆಬ್ಲಾ ಊರಿನ ಮೋಲೆಯೂ ಒಣಮೆಣಸು, ಬೀಜಗಳು, ಎಳ್ಳು ಹುರಿದರೆದದ್ದೇ; ಸಾಲನ್ನಿನ ಹುಣಸೆಯ ಜಾಗದಲ್ಲಿ ಚೂರು ಚಾಕೊಲೇಟು. 1962ರಿಂದ 68ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಜ್ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಮೋಲೆಯನ್ನು ನಮ್ಮ ಸಾರು-ಗೊಜ್ಜುಗಳ ಪಕ್ಕದಲ್ಲಿಟ್ಟು ನೋಡಿದ್ದಾರೆ. ಹೋಲಿಕೆಗೆ ಸಾಲನ್‌ಗಿಂತ ಒಳ್ಳೆಯದು ಸಿಗಲಾರದು.

ಸಾಗಾಟ ಒಂದೇ ಕಡೆಯದಾಗಿರಲಿಲ್ಲ. 1565ರಿಂದ 1815ರವರೆಗೆ ಮನಿಲಾದಿಂದ ಅಕಪುಲ್ಕೊಗೆ ಸ್ಪೇನಿನ ಹಡಗುಗಳು ಹೋಗಿಬರುತ್ತಿದ್ದವು. ಮಾವು ಆ ದಾರಿಯಲ್ಲಿ ಆ ಕಡೆ ಹೋಯಿತು. ಹುಣಸೆಹಣ್ಣಿನ ಪಾನಕ ಈಗ ಮೆಕ್ಸಿಕೋದ ಬೀದಿಬೀದಿಯಲ್ಲಿದೆ. ಕೊತ್ತಂಬರಿ ಸೊಪ್ಪಿಲ್ಲದ ಟ್ಯಾಕೊವನ್ನು ಅವರು ಊಹಿಸಲಾರರು, ಅದು ಹೊರಗಿನಿಂದ ಬಂದದ್ದು. ಇನ್ನು 'ಹಮಾಯ್ಕಾ' ಎಂಬ ಕೆಂಪು ಪಾನಕ. ನಾನು ಕೂತಿದ್ದ ಕಡೆ ಅದನ್ನು ದುಬಾರಿ ಬೆಲೆಗೆ ಕೊಟ್ಟರು, ಹುಳಿಯಾಗಿ ತಣ್ಣಗೆ ಚೆನ್ನಾಗಿತ್ತು. ಯಾವ ಹೂವು ಎಂದು ಕೇಳಿದರೆ ಬಡಿಸುವ ಹುಡುಗ ಹೈಬಿಸ್ಕಸ್ ಅಂದ. ಗಿಡ ಮಾತ್ರ ಆ ಹುಡುಗನ ಊರಿನ ಹೊಲದ ಬದುವಿನಲ್ಲೇ ಇರುವ ಗೋಂಗೂರ, ನಮ್ಮ ಪುಂಡಿ. ಎಲೆಯನ್ನು ನಾವು ಪುಂಡಿಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ಹೂವು ಉದುರಿದ ಮೇಲೆ ಉಳಿಯುವ ಕೆಂಪು ದಳವನ್ನು ಅವರು ಒಣಗಿಸಿ, ಕುದಿಸಿ, ಸಕ್ಕರೆ ಹಾಕಿ ಕುಡಿಯುತ್ತಾರೆ. ಆಫ್ರಿಕಾದ ಈ ಗಿಡ ಎರಡು ಕಡೆಗೆ ಹೊರಟು ಇಲ್ಲಿ ಪಲ್ಯವಾಯಿತು, ಅಲ್ಲಿ ಪಾನಕವಾಯಿತು. ಮೆನುವಿನಲ್ಲಿ ಇದನ್ನೊಂದು ಸಾಲು ಬರೆದರೆ ಎಷ್ಟು ಚೆಂದವಿತ್ತು! ಲೋಕಲ್ ಎಂದು ಹೇಳಿಕೊಳ್ಳಬೇಕಾದ ಕಡೆ ಹೇಳಿಕೊಂಡಿರಲಿಲ್ಲ.

ಅಂತೂ ಇಲ್ಲಿಯವರೆಗೆ ಅಡುಗೆಮನೆ ಪಾಸಾಗಿತ್ತು. ಅಷ್ಟರಲ್ಲಿ ರೊಟ್ಟಿ ಬಂತು.

ಮೆಕ್ಸಿಕೋದ ಊಟದಲ್ಲಿ ಉಳಿದದ್ದೆಲ್ಲ ಪಲ್ಯ, ಚಟ್ನಿ. ಊಟ ಎಂದರೆ ಟೋರ್ಟೀಯ ರೊಟ್ಟಿ. ಬರೀಟೊಗೆ ಬಳಸುವ ಬಿಳಿ ಮೈದಾ ರೊಟ್ಟಿಯನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅದು ಅಷ್ಟು ಸರಿಯಲ್ಲ. ಉತ್ತರ ಮೆಕ್ಸಿಕೋದ ಸೊನೋರಾ ಸೀಮೆಯಲ್ಲಿ ಗೋಧಿ ರೊಟ್ಟಿಯೇ ರೂಢಿ. ಆ ಸೀಮೆಯ ಗೋಧಿ ನಮಗೂ ಗೊತ್ತಿರುವುದೇ. ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಬೆಳೆಸಿದ ಗಿಡ್ಡ ತಳಿಗಳಾದ ಸೊನೋರಾ 64, ಲೆರ್ಮಾ ರೋಹೊ ನಮ್ಮ ಹಸಿರು ಕ್ರಾಂತಿಯ ಬೀಜಗಳು. 1966ರಲ್ಲಿ ಭಾರತ 18,000 ಟನ್ ಬಿತ್ತನೆ ಗೋಧಿಯನ್ನು ಮೆಕ್ಸಿಕೋದಿಂದ ತರಿಸಿತು. ನಮ್ಮ ಮನೆಯ ಚಪಾತಿಯಲ್ಲೇ ಅಷ್ಟು ಮೆಕ್ಸಿಕೋ ಇರುವಾಗ ಬರೀಟೊದ ಮೈದಾಕ್ಕೆ ಬಯ್ಯುವುದೇಕೆ?

ಪ್ರಶ್ನೆ ಇರುವುದು ಮೆಕ್ಕೆಜೋಳದ ರೊಟ್ಟಿಯಲ್ಲಿ. ಅಂಗೈಯಗಲದ ಹಳದಿ ರೊಟ್ಟಿಗಳು ಬುಟ್ಟಿಯಲ್ಲಿ ಬಂದವು, ಬಟ್ಟೆ ಮುಚ್ಚಿಕೊಂಡು. ಬಾಯಿಗಿಟ್ಟರೆ ಕಡಲೆಹಿಟ್ಟಿಗೂ ರವೆಗೂ ನಡುವಿನ ರುಚಿ. ಮಡಚಿದರೆ ಬಿರುಕು ಬಿಟ್ಟು ಪಲ್ಯ ಮಡಿಲಿಗೆ. ಹಿಟ್ಟಿಗೆ ಮೈದಾ ಬೆರೆಸಿದ್ದಾರೆ ಎಂದು ಗೆಳೆಯ ಮುಟ್ಟಿಯೇ ಹೇಳಿದ. ಬಿಳಿಜೋಳದ ರೊಟ್ಟಿ ಬಡಿಯುವ ಮನೆಯವನು. ಹಿಟ್ಟಿನ ವಿಷಯದಲ್ಲಿ ಅವನನ್ನು ಏಮಾರಿಸಲು ಬರುವುದಿಲ್ಲ. ಕೊರತೆ ಕಾಳಿನದ್ದಲ್ಲ. ಕಾಳು ಹಾಯ್ದು ಬರಬೇಕಾದ ಸುಣ್ಣದ ನೀರು ಇಲ್ಲಿರಲಿಲ್ಲ.

ಮೆಕ್ಸಿಕೋ, ಗ್ವಾಟೆಮಾಲಾ ಸೀಮೆಯವರು ಮೂರು ಸಾವಿರ ವರ್ಷಕ್ಕೂ ಹಿಂದಿನಿಂದ ಮೆಕ್ಕೆಜೋಳವನ್ನು ಹಾಗೇ ಬೀಸಿದವರಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಗ್ಗೆ ತೊಳೆದು, ಹಸಿಯಾಗಿಯೇ ಕಲ್ಲಿನ ಮೇಲೆ ಅರೆಯುತ್ತಾರೆ. ಇದಕ್ಕೆ ನಿಶ್ತಮಾಲ್ ಎನ್ನುತ್ತಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸಿ ಅಂಟಾಗಿಸುತ್ತದೆ. ಅದರಿಂದ ಹಿಟ್ಟು ಗೋಧಿಯ ಹಂಗಿಲ್ಲದೆ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ರೊಟ್ಟಿ ಮಡಚಿದರೆ ಮುರಿಯುವುದಿಲ್ಲ. ಮಳೆ ಬಿದ್ದ ಮಣ್ಣಿನಂಥ ಆ ಪರಿಮಳವೂ ಸುಣ್ಣದ್ದೇ. ನಮ್ಮ ಹೆಂಗಸರು ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದುವುದೂ ಇದೇ ಸಮಸ್ಯೆಗೆ ಕಂಡುಕೊಂಡ ಇನ್ನೊಂದು ಉತ್ತರ. ಅಂಟಿಲ್ಲದ ಹಿಟ್ಟನ್ನು ಅಂಟಿಸುವ ಉಪಾಯ ಎರಡು ಖಂಡಗಳಲ್ಲೂ ಹುಟ್ಟಿತು. ಅವರದ್ದಕ್ಕೆ ಒಂದು ಗುಣ ಹೆಚ್ಚು.

ಆ ಗುಣ ಏನೆಂದು ಲೋಕಕ್ಕೆ ತಿಳಿದದ್ದು ತುಂಬ ಜನ ಸತ್ತ ಮೇಲೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದ್ದರೂ ದೇಹಕ್ಕೆ ದಕ್ಕದ ಹಾಗೆ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣ ಆ ಕಟ್ಟು ಬಿಚ್ಚುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. 1735ರಲ್ಲಿ ಸ್ಪೇನಿನ ಗಾಸ್ಪರ್ ಕಸಾಲ್ ಎಂಬ ವೈದ್ಯ ಬಡ ರೈತರಲ್ಲಿ ಹೊಸ ರೋಗವೊಂದನ್ನು ಕಂಡ. ಬಿಸಿಲು ತಾಗುವ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಅದೇ ಪೆಲಾಗ್ರಾ. ಇಟಲಿ, ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳು ಇದರಿಂದ ನರಳಿದವು. ಇದು ಸೋಂಕಲ್ಲ, ಊಟದ ಕೊರತೆ ಎಂದು ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಹೇಳಿದಾಗ ನಂಬಿದವರು ಕಡಿಮೆ; ಮದ್ದು ನಯಾಸಿನ್ ಎಂದು ಖಚಿತವಾದದ್ದು 1937ರಲ್ಲಿ.

ಇಲ್ಲಿಂದ ಕತೆ ಹೈದರಾಬಾದಿಗೇ ಬರುತ್ತದೆ, ಜುಬಿಲಿ ಹಿಲ್ಸ್‌ಗಲ್ಲ, ಊರಿನ ಇನ್ನೊಂದು ತುದಿಯ ತಾರ್ನಾಕಕ್ಕೆ. ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯ 1958ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಿಗೆ ಬಂತು. ಈಗ ಅದು ರಾಷ್ಟ್ರೀಯ ಪೋಷಣ ಸಂಸ್ಥೆ. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ವಿಚಿತ್ರವೊಂದನ್ನು ಗಮನಿಸಿದರು. ಇಲ್ಲಿ ಪೆಲಾಗ್ರಾ ಬರುತ್ತಿದ್ದದ್ದು ಮೆಕ್ಕೆಜೋಳ ತಿನ್ನದ ಜನಕ್ಕೆ. ದಖ್ಖನ್ನಿನ ಬಡವರು, ಬಿಳಿಜೋಳದ ರೊಟ್ಟಿಯನ್ನೇ ನೆಚ್ಚಿದವರು. 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರೂ ಒಂದು ವಾದ ಮಂಡಿಸಿದರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಅದು ದೇಹ ತಾನೇ ನಯಾಸಿನ್ ಮಾಡಿಕೊಳ್ಳುವ ದಾರಿಗೆ ಅಡ್ಡ ಬರುತ್ತದೆ. ಎಲ್ಲರೂ ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಆದರೆ ರೊಟ್ಟಿ, ಉಪ್ಪು, ಮೆಣಸಿನಕಾಯಿಯಲ್ಲಿ ದಿನ ಕಳೆಯುವವರಿಗೆ ಬರುವ ಕಾಯಿಲೆ ಇದು ಎನ್ನುವುದರಲ್ಲಿ ಜಗಳವಿರಲಿಲ್ಲ. ಬೇಳೆ, ಹಾಲು, ಸೊಪ್ಪು ಜೊತೆಯಾದವರನ್ನು ಅದು ಮುಟ್ಟುತ್ತಿರಲಿಲ್ಲ. ಅಕ್ಕಿ ಹಳ್ಳಿಗೆ ಇಳಿದು ತಟ್ಟೆ ಬದಲಾಗುತ್ತ ಬಂದ ಮೇಲೆ ಪೆಲಾಗ್ರಾ ಈಗ ಅಪರೂಪ. ಇಂದು ಅದೇ ಜೋಳದ ರೊಟ್ಟಿಯನ್ನು ಸಂಜೆ ಹೊತ್ತು ರಸ್ತೆಬದಿಯಲ್ಲಿ ಒಲೆ ಹೂಡಿದ ಹೆಂಗಸರಿಂದ ಸಕ್ಕರೆ ಕಾಯಿಲೆಯವರು ಕಾರು ನಿಲ್ಲಿಸಿ ಕೊಳ್ಳುತ್ತಾರೆ. ಬಡವನ ತಟ್ಟೆಯಿಂದ ಇಳಿದದ್ದು ಉಳ್ಳವನ ತಟ್ಟೆಗೆ ಏರುವುದಕ್ಕೆ ಎರಡು ತಲೆಮಾರು ಸಾಕಾಯಿತು.

ತಾರ್ನಾಕದ ರಸ್ತೆಯಲ್ಲೇ ಇನ್ನೊಬ್ಬರು ಕೆಲಸ ಮಾಡುತ್ತಿದ್ದರು. 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚಯ ಅಲ್ಲಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಎಣ್ಣೆಕಾಳುಗಳ ರಸಾಯನಶಾಸ್ತ್ರಜ್ಞರಾಗಿ ಎರಡು ದಶಕ ಕಳೆದರು. 1994ರಲ್ಲಿ ಬಂದ ಅವರ ಭಾರತೀಯ ಆಹಾರದ ಇತಿಹಾಸದಲ್ಲಿ ಅಮೆರಿಕ ಖಂಡದಿಂದ ಬಂದ ಬೆಳೆಗಳು ನಮ್ಮವಾದ ಬಗೆಯನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಮೆಕ್ಸಿಕೋದ ಊಟವನ್ನು ಇಲ್ಲಿಯ ಸಾಮಗ್ರಿಯಲ್ಲಿ ಮಾಡುತ್ತೇವೆ ಎನ್ನುವ ಯಾವ ಬಾಣಸಿಗನೂ ಮೊದಲು ಓದಬೇಕಾದದ್ದು ಈ ಪುಸ್ತಕ.

ಇನ್ನು ಕಾಳು. ತೆಲಂಗಾಣದಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ನಮ್ಮ ದಾವಣಗೆರೆ, ಹಾವೇರಿಯಲ್ಲಂತೂ ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿಕೊಂಡು ಒಣಹಾಕುತ್ತಾರೆ. ಆದರೆ ಅದರ ಬಹುಪಾಲು ಹೋಗುವುದು ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲ್‌ಗೆ. ನಾವು ಮೆಕ್ಕೆಜೋಳವನ್ನು ಕೋಳಿಯ ಬಾಯಿಂದ ತಿನ್ನುವವರು. ಮನುಷ್ಯರ ಪಾಲಿಗೆ ಉಳಿಯುವುದು ಹುಸೇನ್ ಸಾಗರದ ದಂಡೆಯಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆಹೋಳಿನಿಂದ ಉಪ್ಪುಖಾರ ಉಜ್ಜಿ ಕೊಡುವ ತೆನೆ. ಮೆಕ್ಸಿಕೋದವರೂ ಹೀಗೇ ಸುಟ್ಟು, ಮೇಲೆ ಚೀಸು ಉದುರಿಸುತ್ತಾರೆ.

ತಳಿಯ ಜ್ಞಾನಕ್ಕೂ ದೂರ ಹೋಗಬೇಕಿಲ್ಲ. ಮೆಕ್ಸಿಕೋದ ಟೆಶ್ಕೊಕೊ ಎಂಬಲ್ಲಿರುವ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಸ್ಥೆ ಸಿಮಿಟ್‌ನ ಏಷ್ಯಾದ ಮೆಕ್ಕೆಜೋಳದ ಕೆಲಸ ನಡೆಯುವುದು ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ, ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಆವರಣದೊಳಗೆ. ಅದರ ಒಂದು ತಳಿ ಅಭಿವೃದ್ಧಿ ಘಟಕ 2021ರಿಂದ ನಮ್ಮ ಕುಣಿಗಲ್‌ನಲ್ಲೂ ಇದೆ. ಇದಕ್ಕೆ ತಿರುವುಮುರುವಾದ ಕತೆಯೊಂದು ನೂರು ವರ್ಷ ಹಳೆಯದು. ಗದರ್ ಕ್ರಾಂತಿಕಾರಿ ಪಾಂಡುರಂಗ ಖಾನ್‌ಖೋಜೆ ಬ್ರಿಟಿಷರ ಕೈಗೆ ಸಿಗದೆ ಮೆಕ್ಸಿಕೋ ಸೇರಿ, ಅದೇ ಟೆಶ್ಕೊಕೊ ಬಳಿಯ ಚಪಿಂಗೊ ಕೃಷಿ ಶಾಲೆಯಲ್ಲಿ ಮೇಷ್ಟರಾಗಿ ಮೆಕ್ಕೆಜೋಳದ ತಳಿ ಸುಧಾರಣೆಗೆ ಕೂತರು. ಚಿತ್ರಕಾರ ಡಿಯೇಗೊ ರಿವೇರಾ ಮೆಕ್ಸಿಕೋದ ಶಿಕ್ಷಣ ಇಲಾಖೆಯ ಗೋಡೆಯ ಮೇಲೆ ಊಟದ ಮೇಜಿನ ತುದಿಗೆ ಅವರನ್ನು ಕೂರಿಸಿ, ರೊಟ್ಟಿ ಹಂಚುವಂತೆ ಬರೆದಿದ್ದಾನೆ.

ಇಷ್ಟೆಲ್ಲ ಸುತ್ತಲೂ ಇರುವಾಗ ಜುಬಿಲಿ ಹಿಲ್ಸ್‌ನ ಬುಟ್ಟಿಯಲ್ಲಿ ಒಡೆಯುವ ರೊಟ್ಟಿ ಏಕೆ? ಇಲ್ಲಿಯದನ್ನೇ ನೆಚ್ಚಿ ಮೊದಲಿನಿಂದ ಮಾಡುವ ಧೈರ್ಯ ಕುಡಿಯುವ ಕಡೆ ಯಾವಾಗಲೋ ಬಂದಿದೆ. ರೈಲುದಾರಿ ಪಕ್ಕದ ಕತ್ತಾಳೆಯನ್ನು ನೋಡಿ, ಇದರಿಂದಲೇ ತಾನೆ ಮೆಕ್ಸಿಕೋದವರು ಮದ್ಯ ಮಾಡುವುದು ಎಂದು ಡೆಸ್ಮಂಡ್ ನಜರೆತ್ ಎಂಬವರು ಬೆನ್ನುಹತ್ತಿದರು. ಬೇಲಿಗೆಂದು ನೆಟ್ಟ ದಖ್ಖನ್ನಿನ ಕತ್ತಾಳೆಯ ಗಡ್ಡೆ ಬೇಯಿಸಿ, ಚಿತ್ತೂರು ಜಿಲ್ಲೆಯ ಭಟ್ಟಿಯಲ್ಲಿ ಇಳಿಸಿದ ಡೆಸ್ಮಂಡ್‌ಜಿ 2011ರಲ್ಲಿ ಪೇಟೆಗೆ ಬಂತು. ಟಕೀಲಾ ಎಂದು ಕರೆಯುವಂತಿಲ್ಲ. ಆ ಹೆಸರನ್ನು ಮೆಕ್ಸಿಕೋ 1974ರಲ್ಲೇ ತನ್ನದೆಂದು ಕಾಯ್ದಿರಿಸಿದೆ. ಹತ್ತು ವರ್ಷ ಬೆಳೆಯುವ ಗಿಡಕ್ಕಾಗಿ ಒಬ್ಬ ಮನುಷ್ಯ ಕಾಯಬಲ್ಲನಾದರೆ ಒಂದು ರಾತ್ರಿ ನೆನೆಯುವ ಕಾಳಿಗೆ ಕಾಯಲಾಗದೇ?

ಅಡುಗೆಯ ಮುಖ್ಯಸ್ಥ ಮೇಜಿನ ಬಳಿಗೆ ಬಂದಾಗ ಇದನ್ನೇ ಕೇಳಿದೆ, ಇಷ್ಟು ಒರಟಾಗಿ ಅಲ್ಲ. "ಸಾರ್, ಹೊರಗಿನಿಂದ ಹಿಟ್ಟಿನ ಪ್ಯಾಕೆಟ್ ಬರುತ್ತೆ, ಅದಕ್ಕೆ ಸುಣ್ಣ ಹಾಕಿಯೇ ಇರುತ್ತೆ. ಆದರೆ ಲೋಕಲ್ ಅಂತ ಬರೆದ ಮೇಲೆ ಅದನ್ನ ಹೇಗೆ ಬಳಸೋದು?" ಅಂದ. ನ್ಯಾಯವಾದ ಸಂಕಟ. ಮೇವಿನ ಅಂಗಡಿಯ ಕಾಳಿನಲ್ಲಿ ಯತ್ನಿಸಿದ್ದನಂತೆ, ಸಿಪ್ಪೆ ಬಿಡಲಿಲ್ಲವಂತೆ. ಸುಣ್ಣ ಎಷ್ಟು ಹಾಕಿದ್ದಿ ಎಂದರೆ ಒಂದು ಚಿಟಿಕೆ. ಅದು ಸಾಲದು. ಒಂದು ಕೆಜಿ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ, ಎರಡು ಮೂರು ಲೀಟರ್ ನೀರು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮುಚ್ಚಿಟ್ಟು ರಾತ್ರಿ ಕಳೆಯಬೇಕು. ಬೆಳಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಕೈಗೆ ಬರುತ್ತದೆ. ಇಡ್ಲಿ ರುಬ್ಬುವ ಕಲ್ಲೇ ಸಾಕು, ನೀರು ಮಾತ್ರ ಜಾಸ್ತಿ ಹಾಕಬಾರದು. ಸುಣ್ಣ ಅಡುಗೆಗೆ ಬಳಸುವ ಶುದ್ಧದ್ದಾಗಿರಬೇಕು, ಗೋಡೆಗೆ ಬಳಿಯುವುದಲ್ಲ.

ಗೆಳೆಯ ತನ್ನ ಪ್ರಶ್ನೆ ತಂದ. ಬಿಳಿಜೋಳಕ್ಕೂ ಸುಣ್ಣ ಹಾಕಿದರೆ? ಹಾಕುವವರಿದ್ದಾರೆ. ಹೊಂಡುರಾಸ್, ಎಲ್ ಸಾಲ್ವಡಾರ್‌ಗಳ ಒಣಭೂಮಿಯಲ್ಲಿ ಮೆಕ್ಕೆಜೋಳ ಕೈಕೊಟ್ಟ ಬಡ ರೈತರು ನಮ್ಮ ಜೋಳವನ್ನೇ ಸುಣ್ಣದಲ್ಲಿ ಬೇಯಿಸಿ ಟೋರ್ಟೀಯ ತಟ್ಟುತ್ತಾರೆ. ಹೈದರಾಬಾದಿನ ಮೆನುಗಳಲ್ಲಿ 'ಜೊನ್ನ ರೊಟ್ಟೆ ಟ್ಯಾಕೊ' ಎಂದು ಬರೆಸುವವರು ಅದನ್ನು ಹೊಸ ಕಲ್ಪನೆ ಎಂದುಕೊಂಡಿರಬಹುದು. ಅಡುಗೆಯವನು ಕಿವಿಗೊಟ್ಟು ಕೇಳಿದ. ಮೊದಲು ಮೆಕ್ಕೆಜೋಳ ಪಳಗಲಿ, ಜೋಳ ಆಮೇಲೆ ಅಂದ. ಅಷ್ಟು ಹೊತ್ತಿಗೆ ಬಿಲ್ಲು ಬಂತು. ಎರಡನೆಯ ಬುಟ್ಟಿ ರೊಟ್ಟಿಗೆ ಬೇರೆ ದುಡ್ಡು ಹಾಕಿದ್ದರು. ಗೆಳೆಯ ಅದನ್ನು ಎರಡೆರಡು ಸಲ ಓದಿದ. ಅವನ ಊರಿನ ಖಾನಾವಳಿಯಲ್ಲಿ ಸಾಕು ಅನ್ನುವವರೆಗೆ ರೊಟ್ಟಿ ಬೀಳುತ್ತಲೇ ಇರುತ್ತದೆ.